ಮೂರನೆಯ ರೀಲಿನ ಮಾತುಗಳು

ರಾಂಜಣಗಾಂವ
೮ ಜೂನ್ ೨೦೨೫

ಶಿವಕಾಂತಾ ಅಕ್ಕಾರಿಗೆ ಸಕ್ಕುಬಾಯಿ ಮಾಡುವ ಶರಣು.

ನಾ ಯಾರಂತ ನಿಮಗ ಗೊತ್ತಿರಲಿಕ್ಕಿಲ್ಲ. ನನಗ ಓದು ಬರಹ ಬರಂಗಿಲ್ರಿ. ನಾ ಹೇಳ್ತೀನಿ, ಮೊಮ್ಮಗ ಬಾಬುನ ಹೆಂಡತಿ ಶೀತಲ ಬರೀತಾಳ. ಐತವಾರ ಆಕಿಗೆ ಕಂಪನಿ ಸೂಟಿ. ಫೋನ್ ಯಾಕ ಮಾಡಲಿಲ್ಲ ಅಂದ್ರ, ನನ್ನ ಕಿವಿ ಹೋಗ್ಲಿಕತ್ತಾವ. ಎದುರಿಗೆ ಕುಂತು ಬಾಯಿ ಬಿಚ್ಚಿ ಮಾತಾಡಿದ್ರ ತಿಳೀತದ. ಫೋನ್‌ನಾಗ ಬರೀ ಗುಂಯ್ ಅಂತದ.

ನಲವತ್ತಾರು ವರ್ಷದ ಹಿಂದ ನಾ ಒಂದು ಸಿನಿಮಾದಾಗ ಪಾರ್ಟು ಮಾಡಿದ್ದೆ. ‘ಮಧ್ಯಾಹ್ನದ ಮಜಾ’ ಅಂತ ಅದರ ಹೆಸರು. ದೊಡ್ಡವರಿಗೆ ಮಾತ್ರ ಅಂತ ಸರ್ಟಿಫಿಕೇಟ್ ಇತ್ತು. ಪುಣೆದಾಗ ಟಾಕೀಜ್ ಇಟ್ಟಿದ್ದ ಮಾರ್ತಾಂಡ ಶೇಠ್ರು ತಗದದ್ದು. ಮೂವತ್ತು ವರ್ಷದಾಕಿ ನಾ, ತಲಿಗೆ ಬಿಳಿ ಪುಡಿ ಬಡಕೊಂಡು ಮುದುಕಿ ಆಗಿದ್ದೆ. ಈಗ ಪುಡಿ ಬೇಕಾಗಿಲ್ಲ. ಸಿನಿಮಾ ಪುಣೆದಾಗ ಮೂರು ದಿನ ಓಡಿ ಬಂದ್ ಆಯ್ತು. ನಾ ನಾಟಕ ಕಂಪನಿ ಕೂಡ ಸೊಲ್ಲಾಪುರದಾಗ ಇದ್ದೆ, ನೋಡಲಿಕ್ಕೇ ಆಗಲಿಲ್ಲ.

ಈಗ ಅದರ ಡಬ್ಬಿ ಸಿಕ್ಕದ ಅಂತ. ಹಳೇ ಸಿನಿಮಾ ಜೋಪಾನ ಮಾಡೋ ಕಡೆ ಕೆಲಸ ಮಾಡೋ ಅಭಿಲಾಷ ಅನ್ನೋ ಹುಡುಗ ನನ್ನ ಹುಡಕೊಂಡು ಬಂದಿದ್ದ. ಎಲ್ಲಾ ರೀಲು ಛಲೋ ಅವ, ಮೂರನೇದಕ್ಕ ಮಾತ್ರ ಚಿತ್ರ ಅದ, ಆವಾಜ್ ಹೋಗ್ಯದ. ಮುದುಕಿ ಹೊಸ್ತಿಲ ಮ್ಯಾಲ ಕುಂತು ಸುಳ್ಳು ಹೇಳೋ ರೀಲು ಅದು. ಹತ್ತು ಸುಳ್ಳಿನಾಗ ನನಗ ಮೂರು ನೆನಪವ. ಉಳಿದದ್ದು ಬರದಿಟ್ಟದ್ದು ಎಲ್ಲಿಯಾದ್ರೂ ಸಿಕ್ಕರ ನಾನೇ ಮತ್ತ ಮಾತು ಹೇಳಿ ತುಂಬಬೇಕಂತ.

ಮಾತು ಬರದಾವರು ನಿಮ್ಮ ಯಜಮಾನ್ರು, ಕಾಶಪ್ಪ ನಿಂಬಾಳ ಅವರು. ಆ ಕಾಗದ ನಿಮ್ಮ ಮನ್ಯಾಗ ಅದ ಏನ್ರಿ? ಒಂದ್ಸಲ ಮಂದಿ ನಗೋದು ಕೇಳಿ ಹೋಗಬೇಕಂತ ಆಸೆ ಅದ. ಕಿವಿ ಪೂರ್ತಿ ಹೋಗೋದ್ರಾಗ.

ಸಕ್ಕುಬಾಯಿ
(ಆಯಿ ಹೇಳಿದಂಗೇ ಬರದೀನ್ರಿ. ತಪ್ಪಿದ್ರ ಮಾಫ್ ಮಾಡ್ರಿ. – ಶೀತಲ)


ದೇಹೂ ರೋಡ್
೧೭ ಜೂನ್ ೨೦೨೫

ಶ್ರೀಮತಿ ಸಕ್ಕುಬಾಯಿಯವರಿಗೆ,

ತಮ್ಮ ಪತ್ರ ತಲುಪಿತು. ಉತ್ತರ ಬರೆಯದೆ ಬಿಡುವುದು ಸಭ್ಯತೆಯಲ್ಲವೆಂಬ ಕಾರಣಕ್ಕಷ್ಟೇ ಬರೆಯುತ್ತಿದ್ದೇನೆ.

ನನ್ನ ಪತಿ ದಿವಂಗತ ಕಾಶಪ್ಪ ನಿಂಬಾಳ ಅವರು ಇಲ್ಲಿನ ಸೇನಾ ಡಿಪೋದಲ್ಲಿ ಮೂವತ್ತೊಂದು ವರ್ಷ ಗುಮಾಸ್ತರಾಗಿದ್ದರು. ಹವ್ಯಾಸಕ್ಕಾಗಿ ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ಕೆಲವು ಏಕಾಂಕಗಳನ್ನು ಆಡಿಸಿದ್ದುಂಟು. ಅದರ ಹೊರತಾಗಿ ಅವರಿಗೆ ಬಣ್ಣದ ಲೋಕದೊಡನೆ ಯಾವ ನಂಟೂ ಇರಲಿಲ್ಲ. ನಾನು ಪುಣೆಯ ಕನ್ನಡ ಶಾಲೆಯಲ್ಲಿ ಮೂವತ್ತಾರು ವರ್ಷ ಅಧ್ಯಾಪಿಕೆಯಾಗಿದ್ದೆ. ನಮ್ಮಂಥವರ ಮನೆಯನ್ನು ‘ಹನ್ನೊಂದು ಹಾಸಿಗೆ’ಯಂಥ ಚಿತ್ರದೊಂದಿಗೆ ಸೇರಿಸಿ ಮಾತನಾಡುವುದು ತಮಗೂ ಶೋಭೆಯಲ್ಲ.

ನನಗೀಗ ಎಪ್ಪತ್ತೈದು. ಮೊಣಕಾಲು ಮಾತು ಕೇಳುವುದಿಲ್ಲ. ಬೆಳಗಿನ ಹಾಲು ತರಲು ಇಳಿದ ಮೆಟ್ಟಿಲನ್ನು ಮತ್ತೆ ಹತ್ತುವಷ್ಟರಲ್ಲಿ ದಿನದ ಶಕ್ತಿಯೆಲ್ಲ ಖರ್ಚಾಗಿರುತ್ತದೆ. ಈ ವಯಸ್ಸಿನಲ್ಲಿ ಇಂಥ ವಿಚಾರಣೆಗಳು ಬೇಡ. ದಯವಿಟ್ಟು ಮತ್ತೆ ಬರೆಯಬೇಡಿ.

ತಮ್ಮ ಶ್ರವಣದ ತೊಂದರೆಯ ಬಗ್ಗೆ ವಿಷಾದವಿದೆ.

ಶಿವಕಾಂತಾ ನಿಂಬಾಳ


ರಾಂಜಣಗಾಂವ
೨೯ ಜೂನ್ ೨೦೨೫

ಅಕ್ಕಾರ, ಶರಣ್ರಿ.

ಬರೀಬ್ಯಾಡ ಅಂದ್ರಿ, ಬರೀಲಿಕತ್ತೀನಿ. ಸಿಟ್ಟಾಗಬ್ಯಾಡ್ರಿ.

ನಿಮ್ಮ ಪತ್ರ ಶೀತಲ ಎರಡ್ಸಲ ಓದಿದಳು. ‘ಹನ್ನೊಂದು ಹಾಸಿಗೆ’ ಅನ್ನೋ ಮಾತಿಗೆ ಬಂದಾಗ ನಾ ಆಕಿ ಕೈ ಹಿಡಿದೆ. ಆ ಹೆಸರು ನಾ ನಿಮಗ ಹೇಳೇ ಇಲ್ಲಲ್ರಿ. ಪೋಸ್ಟರಿಗೆ ಬಿದ್ದದ್ದು ‘ಮಧ್ಯಾಹ್ನದ ಮಜಾ’. ಶೇಠ್ರಿಗೆ ರೊಕ್ಕದ ಅವಸರ, ಕಡೀ ವಾರದಾಗ ಹೆಸರು ಬದಲಾ ಮಾಡಿದ್ರು. ಸಿನಿಮಾದಾಗ ಇಲ್ಲದ ಒಂದು ಹುಡುಗಿ ಚಿತ್ರ, ಅರ್ಧಾ ಅರಬಿ ಇಲ್ಲದ್ದು, ಅದರ ಮ್ಯಾಲ ಹಚ್ಚಿದ್ರು. ಮದಲಿನ ಹೆಸರು ಶೂಟಿಂಗಿನಾಗ ಇದ್ದ ನಮಗಷ್ಟೇ ಗೊತ್ತು. ಮತ್ತ ಬರದಾವರಿಗೆ.

ಇರಲಿ. ನೆನಪಿದ್ದ ಮೂರು ಸುಳ್ಳು ಹೇಳ್ತೀನಿ, ಕೇಳ್ರಿ. ಒಂದೇ ಕ್ವಾಣಿ ಮನಿ, ಹನ್ನೊಂದು ಮಂದಿ, ಹೊಸದಾಗಿ ಲಗ್ನ ಆದ ಗಂಡ ಹೆಂಡತಿ. ಐತವಾರ ಮಧ್ಯಾಹ್ನ ಎಲ್ಲಾರನ್ನೂ ಒಂದೊಂದು ನೆಪ ಮಾಡಿ ಹೊರಗ ಕಳಸ್ತಾರ. ಮುದುಕಿ ಒಬ್ಬಾಕಿ ಉಳೀತಾಳ. ಆಕಿ ಏನೂ ಮಾತಾಡದ ಎದ್ದು, ಬಾಗಲಾ ಎಳಕೊಂಡು, ಹೊಸ್ತಿಲ ಮ್ಯಾಲ ಕುಂದ್ರತಾಳ. ಛತ್ರಿ ಮರತೇನಂತ ಮಗ ತಿರುಗಿ ಬರ್ತಾನ. “ಒಳಗ ಹಾವು ಹೊಕ್ಕದ, ಹೊರಗ ಬರಬಾರದಂತ ಅಡ್ಡ ಕುಂತೀನಿ” ಅಂತಾಳ. ಮಗಳು ಬರ್ತಾಳ. “ಹಾವು ಹಿಡ್ಯಾವ ಬಂದಾನ, ಹೆಣಮಕ್ಕಳ ನೆರಳು ಬೀಳಬಾರದಂತ” ಅಂತಾಳ. ಒಳಗ ಏನೋ ಧಡ್ ಅಂತದ. ಬಾಜೂ ಮನಿಯಾಕಿ ಹಣಿಕಿ ಹಾಕ್ತಾಳ. “ಹಾವು ಹಿಡಿಲಿಕ್ಕ ಹೋಗಿ ಮಂಚದ ಕಾಲು ಮುರದದ. ಬಡಗ್ಯಾ ಬಂದು ರಿಪೇರಿ ಮಾಡ್ಲಿಕತ್ತಾನ” ಅಂತಾಳ. ಅಷ್ಟರಾಗ ಓಣಿ ಬಡಗ್ಯಾನೇ ಎದುರಿಗೆ ಬರ್ತಾನ! ಅಲ್ಲಿ ಮುದುಕಿ ಏನೋ ಅಂತಾಳ್ರಿ. ಶೂಟಿಂಗಿನಾಗ ಲೈಟ್ ಹಿಡದಾವ ಸುದ್ದಾ ನಕ್ಕಿದ್ದ. ಏನಂದೆ ಅನ್ನೋದು ನೆನಪಾಗವಲ್ದು. ನಾಲ್ಕು ತಿಂಗಳಾತು, ಅನ್ನ ತಿನ್ನುವಾಗ ಸುದ್ದಾ ಅದೇ ಹುಡುಕ್ತೀನಿ.

ನಿಮ್ಮ ಯಜಮಾನ್ರು ಕ್ಯಾಮೆರಾ ಬಾಜೂಕ ಕುಂತು ಕಾಗದ ನೋಡಿ ಓದತಿದ್ರು, ನಾ ಕೇಳಿ ಹೇಳ್ತಿದ್ದೆ. ಬಸಿಯಾಗ ಚಹಾ ಸುರವಿಕೊಂಡು, ಊದಿ ಊದಿ ಕುಡಿಯೋದು ಇನ್ನೂ ಕಣ್ಮುಂದ ಅದ.

ಆ ಒಂದು ಮಾತರ ಹೇಳ್ರಿ ಅಕ್ಕಾರ.

ಸಕ್ಕುಬಾಯಿ


ದೇಹೂ ರೋಡ್
೨೦ ಜುಲೈ ೨೦೨೫

ಸಕ್ಕುಬಾಯಿಯವರೆ,

ನನ್ನ ಬರಹದಿಂದ ನುಸುಳಿದ ಹೆಸರೊಂದನ್ನು ಹಿಡಿದು ನಿಲ್ಲಿಸಿದ್ದೀರಿ. ನಾನು ಅಧ್ಯಾಪಿಕೆಯಾಗಿದ್ದಾಗ ಇಂಥ ಕೆಲಸವನ್ನು ಮೆಚ್ಚಿಕೊಳ್ಳುತ್ತಿದ್ದೆ. ಈಗ ಬರೀ ಆಯಾಸವೆನಿಸುತ್ತದೆ.

ಹೌದು, ನನ್ನ ಪತಿ ಆ ಚಿತ್ರಕ್ಕೆ ಮಾತು ಬರೆದರು. ಈ ಸಂಗತಿಯನ್ನು ನಮ್ಮ ಬಂಧುಗಳಲ್ಲಿ ಯಾರೂ ಬಲ್ಲವರಲ್ಲ. ಆ ಹಸ್ತಪ್ರತಿ ಅವರು ತೀರಿಕೊಂಡ ವರ್ಷ ಹಳೆಯ ಪುಸ್ತಕಗಳ ಜೊತೆ ರದ್ದಿಗೆ ಹೋಯಿತು. ಆದ್ದರಿಂದ ಹುಡುಕಾಟವನ್ನು ಇಲ್ಲಿಗೆ ನಿಲ್ಲಿಸುವುದು ಎಲ್ಲರಿಗೂ ಒಳ್ಳೆಯದು.

ಕಳೆದ ಗುರುವಾರ ತಮ್ಮ ಅಭಿಲಾಷ ಇಲ್ಲಿಗೂ ಬಂದಿದ್ದ. “ಮೇಡಮ್, ಆ ರೀಲು ಫುಲ್ ಸೈಲೆಂಟ್. ಫನ್ನಿಯಾಗಿದೆ ಅಂತ ಗೊತ್ತಾಗುತ್ತೆ, ಬಟ್ ಯಾಕೆ ಫನ್ನಿ ಅಂತ ಗೊತ್ತಾಗಲ್ಲ” ಎಂದ. ಆ ವಾಕ್ಯದಲ್ಲಿ ಕನ್ನಡವೆಷ್ಟಿದೆಯೆಂದು ಕೇಳಬೇಕೆನಿಸಿತು, ಕೇಳಲಿಲ್ಲ. ತನ್ನ ಮೊಬೈಲಿನಲ್ಲಿ ಆ ಮೂಕ ದೃಶ್ಯವನ್ನು ತೋರಿಸಲು ಬಂದ. ಕನ್ನಡಕ ಒಳಗಿದೆಯೆಂದು ಹೇಳಿ ಕಳುಹಿಸಿಬಿಟ್ಟೆ. ಕನ್ನಡಕ ನನ್ನ ಕೊರಳಿನಲ್ಲೇ ತೂಗುತ್ತಿತ್ತು.

ಒಂದು ವಿಷಯವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ನನ್ನ ಪತಿ ಬಸಿಯಲ್ಲಿ ಚಹಾ ಕುಡಿಯುತ್ತಿದ್ದ ರೀತಿ ನಲವತ್ತಾರು ವರ್ಷಗಳ ನಂತರವೂ ತಮ್ಮ ಕಣ್ಣಮುಂದಿರಲು ಕಾರಣವೇನು? ಅವರು ಮನೆಯ ಹೊರಗೆ ಬಸಿ ಮುಟ್ಟುತ್ತಿರಲಿಲ್ಲ ಎಂದೇ ನಾನು ತಿಳಿದಿದ್ದೆ. ಉತ್ತರಿಸುವುದು ಬಿಡುವುದು ತಮಗೆ ಬಿಟ್ಟದ್ದು.

ಶಿವಕಾಂತಾ ನಿಂಬಾಳ


ರಾಂಜಣಗಾಂವ
೧೦ ಆಗಸ್ಟ್ ೨೦೨೫

ಅಕ್ಕಾರ,

ನಿಮ್ಮ ಕಡೀ ಮಾತು ಕೇಳಿ ನಾ ಎಷ್ಟು ನಕ್ಕೆ ಅಂದ್ರ, ಬಾಜೂ ಖೋಲಿಯಿಂದ ಬಾಬು ಓಡಿ ಬಂದ. “ಏನಾತ ಆಯಿ?” ಅಂದ. “ಎಪ್ಪತ್ತಾರಕ್ಕ ನನ್ನ ಮ್ಯಾಲ ಒಬ್ಬರಿಗೆ ಸಂಶೇ ಬಂದದ ಮಗಾ, ಸಕ್ಕರಿ ಹಂಚು” ಅಂದೆ.

ನಿಮ್ಮ ಯಜಮಾನ್ರು ನನ್ನ ಮಾರಿ ಸುದ್ದಾ ನೆಟ್ಟಗ ನೋಡಿದಾವರಲ್ರಿ. ಅವರು ನೋಡತಿದ್ದದ್ದು ಕಾಗದ ಒಂದೇ. ಯಾರರ ಒಂದು ಮಾತು ಅತ್ತಿತ್ತ ಮಾಡಿದ್ರ ಎದ್ದು ನಿಂದರತಿದ್ರು. “ಅದು ಬದಲಾ ಮಾಡಂಗಿಲ್ರೆಪಾ, ಮನಿಗೆ ಹೋದ್ರ ನನಗ ಬೈತಾರ” ಅಂತಿದ್ರು. ಶೇಠ್ರು ಒಂದು ಸ್ನಾನದ ಸೀನ್ ಹಾಕ್ರಿ ಅಂದಾಗೂ ಅದೇ ಮಾತು. “ಮನಿಯಾಗ ಒಪ್ಪಂಗಿಲ್ಲ.” ಶೂಟಿಂಗಿನಾಗ ಎಲ್ಲಾರಿಗೂ ತಿಳದಿತ್ತು, ಬರಿಯಾವರು ಮನಿಯಾಗ ಅದಾರ, ಓದಾವರು ಇಲ್ಲಿ ಅದಾರ ಅಂತ. ಚಹಾ ಕುಡಿಯುವಾಗ ಕಾಗದಕ್ಕ ಹನಿ ಬೀಳಬಾರದಂತ ನನ್ನ ಕೈಯಾಗ ಕೊಡತಿದ್ರು. ಅದಕ್ಕೇ ಬಸಿ ನೆನಪದ.

ಓದಲಿಕ್ಕ ಬರಂಗಿಲ್ಲ ಖರೆ. ಆದ್ರ ಅಕ್ಷರದ್ದೂ ಮಾರಿ ಇರತದ್ರಿ. ಒಮ್ಮೆ ನೋಡಿದ ಮಾರಿ ನಾ ಮರಿಯಂಗಿಲ್ಲ.

ದವಾಖಾನಿಗೆ ಹೋಗಿದ್ದೆ. ಎಡಗಿವಿ ಮುಗೀತಂತ. ಬಲಗಿವಿ ದೀಪಾವಳಿ ತನಕ ಇದ್ರ ಪುಣ್ಯ ಅಂದ್ರು. ಕಿವಿಗೆ ಮಿಷನ್ ಹಾಕಿ ನೋಡಿದ್ರು, ಬರೀ ಗುಂಯ್.

ರದ್ದಿಗೆ ಹೋಗಿದ್ರ ಹೋಗಲಿ. ಬರದ ಕೈ ಇನ್ನೂ ಅದ ಅಲ್ರೀ?

ಸಕ್ಕುಬಾಯಿ


ದೇಹೂ ರೋಡ್
೨ ಅಕ್ಟೋಬರ್ ೨೦೨೫

ಸಕ್ಕುಬಾಯಿಯವರಿಗೆ,

ಏಳು ವಾರ ಉತ್ತರಿಸಲಿಲ್ಲ. ನಾಲ್ಕು ಸಲ ಬರೆದು ಹರಿದೆ. ಸುಳ್ಳನ್ನು ಚೊಕ್ಕಟವಾಗಿ ಬರೆಯುವುದಕ್ಕೂ ಶಕ್ತಿ ಬೇಕು. ನನ್ನಲ್ಲಿ ಅದು ಉಳಿದಿಲ್ಲ.

ಹಸ್ತಪ್ರತಿ ರದ್ದಿಗೆ ಹೋಗಿಲ್ಲ. ಈ ಪತ್ರದ ಜೊತೆಗಿದೆ. ಶಾಲೆಯ ಉತ್ತರಪತ್ರಿಕೆಗಳಲ್ಲಿ ಉಳಿದ ಖಾಲಿ ಹಾಳೆಗಳನ್ನು ಹೊಲಿದು ಮಾಡಿದ ಪುಸ್ತಕ. ನೀವು ಊಹಿಸಿದಂತೆ, ಅದನ್ನು ಬರೆದವಳು ನಾನು.

ನಾವು ಆಗ ಪುಣೆಯ ಪೇಠೆಯಲ್ಲಿ, ಹಲವು ಸಂಸಾರಗಳಿದ್ದ ಒಂದು ವಾಡೆಯ ಒಂದೇ ಕೋಣೆಯಲ್ಲಿದ್ದೆವು. ಹಾಸಿಗೆಗಳನ್ನು ನಾನೇ ಮಡಚಿಡುತ್ತಿದ್ದೆ, ಆದ್ದರಿಂದ ಲೆಕ್ಕ ತಪ್ಪುವಂತಿಲ್ಲ, ಹನ್ನೊಂದು. ಮದುವೆಯಾಗಿ ಎಂಟು ತಿಂಗಳಾದರೂ ನಾನೂ ನನ್ನ ಪತಿಯೂ ಒಬ್ಬರಿಗೊಬ್ಬರು ಅಪರಿಚಿತರೇ. ಒಂದು ಭಾನುವಾರ ಮಧ್ಯಾಹ್ನ ಅವರ ಅಜ್ಜಿ ಯಮನವ್ವ ಯಾರೂ ಹೇಳದೆ ಎದ್ದು ಹೊರಗೆ ಹೋಗಿ, ಹೊಸ್ತಿಲಿನ ಮೇಲೆ ಕುಳಿತರು. ಬಂದವರಿಗೆಲ್ಲ ಏನೇನು ಹೇಳಿ ಕಳುಹಿಸಿದರೋ ನಮಗೆ ಒಳಗೆ ಕೇಳಿಸುತ್ತಿತ್ತು. ನಾವು ನಗು ತಡೆಯಲಾಗದೆ ತಲೆದಿಂಬನ್ನು ಬಾಯಿಗೆ ಒತ್ತಿಕೊಂಡಿದ್ದೆವು. ಆ ಮಧ್ಯಾಹ್ನ ನಡೆದದ್ದು ಅಷ್ಟೇ, ನಗು. ಆದರೆ ಅಂದಿನಿಂದ ನಾವು ಗಂಡ ಹೆಂಡಿರಾದೆವು.

ಅದನ್ನು ಬರೆಯುವಾಗ ಒಂದು ಕಟ್ಟುನಿಟ್ಟು ಇಟ್ಟುಕೊಂಡಿದ್ದೆ. ಹತ್ತು ಸುಳ್ಳುಗಳಲ್ಲಿ ಪ್ರತಿಯೊಂದೂ ಹಿಂದಿನ ಸುಳ್ಳಿನ ಹೊಟ್ಟೆಯಿಂದಲೇ ಹುಟ್ಟಬೇಕು. ಕಥೆಯನ್ನು ಮುಂದಕ್ಕೆ ನಡೆಸದ ನಗು ಕಚಗುಳಿಯಿಟ್ಟಂತೆ, ಕೈ ತೆಗೆದೊಡನೆ ನಿಂತುಹೋಗುತ್ತದೆ. ಒಳಗಿನದನ್ನು ಒಮ್ಮೆಯೂ ತೋರಿಸಕೂಡದು. ನೋಡುವವರು ಅಜ್ಜಿಯ ಮುಖವನ್ನಷ್ಟೇ ನೋಡಬೇಕು. ವಯಸ್ಕರಿಗೆ ಮಾತ್ರವೆಂಬ ಮುದ್ರೆ ಬಿದ್ದರೂ ನನಗೆ ಲಜ್ಜೆಯಾಗಲಿಲ್ಲ. ವಯಸ್ಕರಿಗೆಂದೇ ಬರೆದಿದ್ದೆ.

ಇನ್ನು ಉಳಿದದ್ದು. ೧೯೭೯ರ ಮಾರ್ಚಿನಲ್ಲಿ ಶಾಲೆಯ ದಾರಿಯಲ್ಲಿ ‘ಮಧ್ಯಾಹ್ನದ ಮಜಾ’ದ ಪೋಸ್ಟರ್ ಬಿತ್ತು. ಹೆಸರು ಬದಲಾದದ್ದನ್ನು ನನ್ನ ಪತಿ ನಾಚಿಕೆಯಿಂದ ನನಗೆ ಹೇಳಿರಲಿಲ್ಲ. ಪ್ರಾರ್ಥನೆಯ ಹೊತ್ತಿನಲ್ಲಿ ನಾನು ಹೆಣ್ಣುಮಕ್ಕಳಿಗೆ, ಆ ಗೋಡೆ ಬಂದಾಗ ಮುಖ ಬಲಕ್ಕೆ ತಿರುಗಿಸಿ ನಡೆಯಿರಿ ಎಂದು ಅಪ್ಪಣೆ ಮಾಡಿದೆ. ಚಿತ್ರವನ್ನು ತೆಗೆದುಹಾಕಬೇಕೆಂದು ಆಕ್ಷೇಪಣಾ ಪತ್ರ ಸಿದ್ಧಪಡಿಸಿದೆ. ಪಾಲಕರು ಸಹಿ ಹಾಕಿದರು. ಮೊದಲ ಸಹಿ ನನ್ನದು.

ಮರುದಿನ ಸಂಜೆ ರೇಷನ್ ಅಂಗಡಿಯ ಸಾಲಿನಲ್ಲಿ ನನ್ನ ಮುಂದಿದ್ದ ಇಬ್ಬರು ಹೆಂಗಸರು ನಗುತ್ತ ನಿಂತಿದ್ದರು. ಒಬ್ಬಳು ಚಿತ್ರ ನೋಡಿ ಬಂದಿದ್ದಳು. ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಅಜ್ಜಿಯಂತೆ ಕುಳಿತು, ಬಡಗಿಗೆ ಹೇಳುವ ಆ ಮಾತನ್ನು ಹೇಳಿದಳು. ನನ್ನ ಮಾತು ನನಗೆ ತಿಳಿಯದೇ?

ಮನೆಗೆ ಬಂದಾಗ ಆಕ್ಷೇಪಣಾ ಪತ್ರ ನನ್ನ ಪತಿಯ ಕೈಯಲ್ಲಿತ್ತು. ಪೂರ್ತಿ ಓದಿ, “ಅಕ್ಷರ ಛಲೋ ಬಂದಾವ” ಎಂದು ಮಡಚಿಟ್ಟರು. ಅಷ್ಟೇ. ಅದನ್ನು ಟಾಕೀಜಿಗೆ ಒಯ್ಯಬೇಕಾಗಿದ್ದದ್ದು ಮರುದಿನ ಹನ್ನೊಂದು ಗಂಟೆಗೆ. ನನಗೆ ಇಡೀ ಒಂದು ಬೆಳಗಿತ್ತು. ಅರವತ್ತು ಪಾಲಕರ ಮುಂದೆ, ನನ್ನಿಂದ ತಪ್ಪಾಯಿತು, ಇದು ನಾನೇ ಬರೆದ ಚಿತ್ರ ಎನ್ನಬೇಕಾಗಿತ್ತು. ಎನ್ನಲಿಲ್ಲ. ಒಯ್ದು ಕೊಟ್ಟೆ. ಮಧ್ಯಾಹ್ನದ ಆಟದಿಂದಲೇ ಚಿತ್ರ ನಿಂತಿತು.

ಆಮೇಲೆ ನಾನು ಬರೆಯಲಿಲ್ಲ, ಅವರು ಕೇಳಲಿಲ್ಲ. ಅವರು ತೀರಿಕೊಂಡು ಒಂಬತ್ತು ವರ್ಷವಾಯಿತು. ಅದನ್ನು ಒಯ್ದು ಕೊಡುವಾಗ ಚಿತ್ರ ನನ್ನದೆಂದು ನನಗೆ ಗೊತ್ತಿತ್ತೆಂಬುದು ಅವರಿಗೆ ಗೊತ್ತಿತ್ತೇ? ಅದೂ ನನಗೆ ತಿಳಿಯದು. ನಿಮ್ಮ ಬಾಳಿಗೆ ಅದರಿಂದೇನಾಯಿತೆಂದು ಕೇಳುವ ಧೈರ್ಯವಿಲ್ಲ.

ನೀವು ಹುಡುಕುತ್ತಿದ್ದ ಮಾತು ನಲವತ್ತೊಂದನೆಯ ಪುಟದಲ್ಲಿದೆ. ಒಳಗೆ ಬಡಗಿ ಇದ್ದಾನೆಂದು ಹೇಳಿ ಮುಗಿಸುವಾಗ ಬಡಗಿಯೇ ಎದುರು ನಿಲ್ಲುತ್ತಾನೆ. ಅಜ್ಜಿ ರೆಪ್ಪೆ ಬಡಿಯದೆ, ನಾಲ್ಕು ಎಣಿಸುವಷ್ಟು ಹೊತ್ತು ಅವನನ್ನು ನೋಡಿ ಕೇಳುತ್ತಾಳೆ: “ನೀ ಯಾವಾಗ ಹೊರಗ ಬಂದಿ?”

ಶಿವಕಾಂತಾ


ರಾಂಜಣಗಾಂವ
೧೨ ಅಕ್ಟೋಬರ್ ೨೦೨೫

ಅಕ್ಕಾರ,

ಶೀತಲ ಓದುವಾಗ ಅತ್ತಳು. ನಾ ಅಳಲಿಲ್ಲ. ನನಗಿದು ಹಳೇ ಸುದ್ದಿ.

ಸಿನಿಮಾ ಬಂದ್ ಆದ ಮ್ಯಾಲ ನಾ ಪುಣೆಕ್ಕ ಬಂದು ಶೇಠ್ರ ಮುಂದ ನಿಂತಿದ್ದೆ, ಇನ್ನೊಂದು ಪಾರ್ಟು ಕೊಡ್ರಿ ಅಂತ. ಅವರು ನಿಮ್ಮ ತಕರಾರಿನ ಕಾಗದ ನನ್ನ ಮುಂದ ಒಗದು, “ನೋಡು, ನಿನ್ನ ಸಿನಿಮಾದ ಹಣೇಬರಾ” ಅಂದ್ರು. ನೋಡಿದೆ. ಅದೇ ಅಕ್ಷರ. ತಿಂಗಳಗಟ್ಟಲೆ ಕೈಯಾಗ ಹಿಡಕೊಂಡದ್ದು. ನಾ ಶೇಠ್ರಿಗೆ ಹೇಳಲಿಲ್ಲ. ಹೇಳಿದ್ರ ಕಾಶಪ್ಪನವರು ಮಂದಿ ಮುಂದ ಹ್ಯಾಂಗ ನಿಂದರಬೇಕು?

ನಾಟಕ ಕಂಪನಿಯವರು ಕೆಟ್ಟ ಸಿನಿಮಾದಾಕಿ ಅಂತ ಹೊರಗ ಹಾಕಿದ್ರು. ಊರಾಗ ಕೂಲಿ ಮಾಡಿದೆ. ಆಮ್ಯಾಲ ಇಲ್ಲಿ ಕಾರ್ಖಾನಿ ಕಟ್ಟುವಾಗ ಜಲ್ಲಿ ಹೊತ್ತೆ. ನಗಸೋ ಬಾಯಿ ಇತ್ತು, ತಲಿ ಮ್ಯಾಲ ಬುಟ್ಟಿ ಇತ್ತು. ಯಾಕ ಮದಲೇ ಕೇಳಲಿಲ್ಲ ಅಂದ್ರ, ಕೇಳಿದ್ರ ನೀವು ಬಾಗಲಾ ಹಾಕತಿದ್ರಿ. ನನಗ ರೀಲು ಬೇಕಾಗಿತ್ತು.

ಮಾಫ್ ಮಾಡೀನಿ ಅಂತ ಹೇಳಂಗಿಲ್ಲ. ಅದು ಪತ್ರದಾಗ ಆಗೋ ಕೆಲಸ ಅಲ್ಲ. ಈಗ ಬ್ಯಾರೇ ಕೆಲಸ ಅದ, ಕೇಳ್ರಿ.

ಮನ್ನೆ ಶುಕ್ರವಾರ ಸ್ಟುಡಿಯೋಕ್ಕ ಒಯ್ದಿದ್ರು. ಅಭಿಲಾಷ ಕಾಗದ ಹಿಡದು ಓದ್ತಾನ, ನಾ ಹೇಳಬೇಕು. ಪಾಪ, ಭಾಳ ಛಲೋ ಹುಡುಗ. ಆದ್ರ ತುಟಿ ಬಿಚ್ಚದ ಮಾತಾಡ್ತಾನ. ಮಿಷನ್‌ನಾಗೂ ತಿಳಿಯಂಗಿಲ್ಲ, ಬಾಯಿ ನೋಡಿದ್ರೂ ತಿಳಿಯಂಗಿಲ್ಲ. ದಿನಾ ಪೂರ್ತಿ ಕುಂತು ಎರಡು ಸುಳ್ಳು ಆದವು.

ಒಂದೊಂದು ಅಕ್ಷರ ಬಿಡಿಸಿ, ಗಟ್ಟ್ಯಾಗಿ ಓದಾವರು ಬೇಕು. ನಿಮ್ಮ ಯಜಮಾನ್ರು ಕುಂತ ಜಾಗಾ ಖಾಲಿ ಅದ. ಬರ್ರಿ.

ಸಕ್ಕುಬಾಯಿ


ದೇಹೂ ರೋಡ್
೧೮ ಅಕ್ಟೋಬರ್ ೨೦೨೫

ಸಕ್ಕುಬಾಯಿಯವರೆ,

ಮೂವತ್ತಾರು ವರ್ಷ ನನ್ನ ದನಿ ಕೊನೆಯ ಬೆಂಚಿಗೆ ತಲುಪುತ್ತಿತ್ತು. ಈಗ ಎಷ್ಟು ಉಳಿದಿದೆಯೋ ಕಾಣೆ. ಹಬ್ಬ ಕಳೆದ ಮೇಲೆ, ಮೂವತ್ತನೆಯ ತಾರೀಖು ಗುರುವಾರ ಹನ್ನೊಂದು ಗಂಟೆಗೆ ಬರುತ್ತೇನೆ. ಅಭಿಲಾಷನಿಗೆ ತಿಳಿಸಿದ್ದೇನೆ. ಬೆನ್ನಿಗೆ ಆಸರೆಯಿರುವ ಕುರ್ಚಿ ಬೇಕು.

ಶಿವಕಾಂತಾ


ದೇಹೂ ರೋಡ್
೮ ಡಿಸೆಂಬರ್ ೨೦೨೫

ಪ್ರಿಯ ಸಕ್ಕುಬಾಯಿ,

ನಿನ್ನೆ ಚಿತ್ರಪ್ರದರ್ಶನದಿಂದ ಬಂದವಳು ಹಾಗೆಯೇ ಮಲಗಿಬಿಟ್ಟೆ. ಕಾಲಿನ ಬಾವು ಇನ್ನೂ ಇಳಿದಿಲ್ಲ. ಆದರೂ ಇದನ್ನು ಇಂದೇ ಬರೆಯಬೇಕು.

ಅಂದು ಸ್ಟುಡಿಯೋದ ಬಾಗಿಲಲ್ಲಿ ನನ್ನನ್ನು ಕಂಡಾಗ ನೀವು ನಮಸ್ಕಾರವನ್ನೂ ಮಾಡಲಿಲ್ಲ, ಬೈಯಲೂ ಇಲ್ಲ. ನಾಲ್ಕು ಎಣಿಸುವಷ್ಟು ಹೊತ್ತು ನೋಡಿ, “ನೀವ್ ಯಾವಾಗ ಹೊರಗ ಬಂದ್ರಿ?” ಎಂದು ಕೇಳಿದಿರಿ. ಅಭಿಲಾಷ ಬಿದ್ದು ಬಿದ್ದು ನಕ್ಕ. ನಾನು ಕುರ್ಚಿಯಲ್ಲಿ ಕುಳಿತು ಓದಲಾರಂಭಿಸಿದೆ, ನೀವು ನನ್ನ ತುಟಿ ನೋಡಿ ಹೇಳಲಾರಂಭಿಸಿದಿರಿ. ಹತ್ತೂ ಸುಳ್ಳು ಮುಗಿಯುವವರೆಗೆ ನಾವು ಬೇರೆ ಒಂದು ಮಾತನ್ನೂ ಆಡಲಿಲ್ಲ.

ನಿನ್ನೆ ಸಭಾಂಗಣದಲ್ಲಿ ಎಪ್ಪತ್ತು ಜನರಿದ್ದರೇನೋ. ನನ್ನ ಹಳೆಯ ವಿದ್ಯಾರ್ಥಿನಿ ಹರ್ಷದಾ ಬಂದಿದ್ದಳು, ಈಗ ಅವಳೇ ಅಜ್ಜಿ. ಪರದೆಯ ಮೇಲೆ ನನ್ನ ಹೆಸರೂ ನನ್ನ ಪತಿಯ ಹೆಸರೂ ಒಟ್ಟಿಗೆ ಬಂದಾಗ ಅವಳು ಹಿಂದಿನಿಂದ ಬಗ್ಗಿ, “ಅಕ್ಕಾರ, ಈಗರ ನೋಡಬಹುದೇನ್ರಿ?” ಎಂದಳು. ನಾನು ತಿರುಗಲಿಲ್ಲ. ನೋಡು ಎಂದೆ.

ಮೂರನೆಯ ರೀಲು ಬಂತು. ಬಿಳಿ ಪುಡಿಯ ತಲೆ, ಮೂವತ್ತರ ಕಣ್ಣು, ಎಪ್ಪತ್ತಾರರ ದನಿ. ಬಡಗಿ ಓಣಿಯ ತಿರುವಿನಲ್ಲಿ ಕಾಣಿಸಿಕೊಂಡಾಗ ನಾನು ಎಣಿಸತೊಡಗಿದೆ. ನಾಲ್ಕಕ್ಕೆ ಸರಿಯಾಗಿ ಮಾತು ಬಂತು. ಸಭೆ ನಕ್ಕಿತು. ಗೋಡೆ ಗೋಡೆಗೆ ತಾಗುವಂತೆ ನಕ್ಕಿತು.

ನೀವು ಪರದೆ ನೋಡುತ್ತಿರಲಿಲ್ಲ. ಎರಡೂ ಅಂಗೈಗಳನ್ನು ಮುಂದಿನ ಕುರ್ಚಿಯ ಬೆನ್ನಿಗೆ ಒತ್ತಿಕೊಂಡು, ನನ್ನ ಬಾಯಿಯನ್ನೇ ನೋಡುತ್ತಿದ್ದಿರಿ. ಆಗ ನನಗೆ ಅರ್ಥವಾಯಿತು, ನಿಮ್ಮ ಬಲಗಿವಿಗಿದ್ದ ದೀಪಾವಳಿಯ ಗಡುವು ದಾಟಿಹೋಗಿತ್ತು. ನಗು ನಿಂತ ಆ ಮೌನದಲ್ಲಿ ನೀವು, ನಿಮ್ಮ ದನಿ ಎಷ್ಟು ದೊಡ್ಡದೆಂದು ತಿಳಿಯದೆ, “ನಕ್ಕರೇನ್ರಿ, ಅಕ್ಕಾರ?” ಎಂದು ಕೂಗಿದಿರಿ.

“ನಕ್ಕರ್ರೀ, ಸಕ್ಕುಬಾಯಿ! ಭಾಳ ನಕ್ಕರು!” ಎಂದೆ. ಕೊನೆಯ ಬೆಂಚಿಗೆ ಕೇಳುವಂತೆ. ಪುಸ್ತಕದ ಕನ್ನಡ ಆ ಹೊತ್ತಿಗೆ ಎಲ್ಲಿತ್ತೋ ತಿಳಿಯದು.

ಅದನ್ನು ಕೇಳಿ ಅವರು ಮತ್ತೊಮ್ಮೆ ನಕ್ಕರು, ಮೊದಲಿಗಿಂತ ಜೋರಾಗಿ. ಆ ಎರಡನೆಯ ನಗು ನಾನು ಬರೆದದ್ದಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ ಇನ್ನೂ ಬಾಕಿಯಿದೆ. ಯಾವಾಗ ಹೊರಗೆ ಬಂದೆ ಎಂದು ಕೇಳಿದ್ದಿರಿ. ನಿನ್ನೆ, ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷಕ್ಕೆ.

ಬೆಳಿಗ್ಗೆ ಶೀತಲ ಫೋನ್ ಮಾಡಿದ್ದಳು. ತಿರುಗಿ ಹೋಗುವಾಗ ಬಸ್ಸಿನಲ್ಲಿ ನೀವು, ಆ ಎರಡನೆಯ ನಗು ನಿಮಗೆ ಕೇಳಿಸಿತು ಎಂದಿರಂತೆ. ಕೇಳಿಸಿರಲಾರದು. ಆದರೆ ನಾನದನ್ನು ತಿದ್ದುವುದಿಲ್ಲ.

ನಿಮ್ಮ,
ಶಿವಕಾಂತಾ